ತಕ್ಕಡಿಯ ಜೊತೆಗೆ ಟೇಪು: ಮಧುಮೇಹಿಗಳಲ್ಲಿ ಬೊಜ್ಜಿನ ಅಳತೆ

ಹತ್ತನೇ ತರಗತಿಯ ಹಾರ್ಮೋನುಗಳ ಪಾಠದಲ್ಲಿ ಇನ್ಸುಲಿನ್ ಬರುತ್ತದೆ. ಅದರ ಬೆನ್ನಿಗೇ ಮಧುಮೇಹವೂ ಬರುತ್ತದೆ. ಆಲ್ಕೊಳದಲ್ಲಿ ಬೋಧನಾಭ್ಯಾಸ ಮಾಡುವಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಮಿಸ್, ದಪ್ಪ ಇರೋರಿಗೆ ಶುಗರ್ ಬರುತ್ತೆ ಅಂತಾರೆ. ನಮ್ಮಜ್ಜ ಸಣ್ಣಗಿದಾರೆ, ಹೊಟ್ಟೆ ಮಾತ್ರ ಸ್ವಲ್ಪ ಮುಂದಿದೆ. ಅವರಿಗ್ಯಾಕೆ ಬಂತು?” ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು. ಮುಂದಿನ ಅವಧಿಯನ್ನು ಅದಕ್ಕೇ ಮೀಸಲಿಟ್ಟೆ.

ಪೂರ್ವಸಿದ್ಧತೆ

ಮಕ್ಕಳನ್ನೇ ತೂಕ ಮಾಡುವುದು ಬೇಡವೆಂದು ಮೊದಲೇ ನಿರ್ಧರಿಸಿದ್ದೆ. ತರಗತಿಯೆದುರು ಒಬ್ಬರ ತೂಕ ಓದಿದರೆ ಅದು ಅಡ್ಡಹೆಸರಾಗಿ ಉಳಿಯುತ್ತದೆ. ಅಲ್ಲದೆ ವಯಸ್ಕರ ಮಿತಿಗಳು ಬೆಳೆಯುವ ಮಕ್ಕಳಿಗೆ ಅನ್ವಯಿಸುವುದಿಲ್ಲ. ಅವರಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಪ್ರತ್ಯೇಕ ಕೋಷ್ಟಕಗಳಿವೆ. ಆದ್ದರಿಂದ ಮಧುಮೇಹವಿರುವ ಇಬ್ಬರು ಕಾಲ್ಪನಿಕ ಗಂಡಸರ ಕಾರ್ಡುಗಳನ್ನು ತಯಾರಿಸಿದೆ. ಇಬ್ಬರ ಎತ್ತರವೂ 165 ಸೆಂ.ಮೀ.

ಕಾರ್ಡು 1: ತೂಕ 60 ಕೆ.ಜಿ., ಹೊಟ್ಟೆಯ ಸುತ್ತಳತೆ 94 ಸೆಂ.ಮೀ.
ಕಾರ್ಡು 2: ತೂಕ 70 ಕೆ.ಜಿ., ಹೊಟ್ಟೆಯ ಸುತ್ತಳತೆ 81 ಸೆಂ.ಮೀ.

ಅನ್ವೇಷಣೆ

ಮೊದಲು ದೇಹ ದ್ರವ್ಯರಾಶಿ ಸೂಚ್ಯಂಕ, ಅಂದರೆ ಬಿಎಂಐ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಮೊದಲನೆಯವರಿಗೆ 22.0, ಎರಡನೆಯವರಿಗೆ 25.7 ಬಂತು. ಭಾರತೀಯ ವಯಸ್ಕರಿಗೆ 23ರಿಂದ ಅತಿತೂಕ, 25ರಿಂದ ಬೊಜ್ಜು ಎಂದು 2009ರಲ್ಲಿ ನಮ್ಮ ತಜ್ಞರು ಒಮ್ಮತದಿಂದ ಸೂಚಿಸಿದ್ದಾರೆ. “ಹಾಗಾದ್ರೆ ಮೊದಲನೆಯವರು ಸರಿಯಾಗಿದ್ದಾರೆ” ಎಂದಿತು ತರಗತಿ.

ನಂತರ ಟೇಪಿನ ಸರದಿ. ಭಾರತೀಯರಿಗೆ ಹೊಟ್ಟೆಯ ಸುತ್ತಳತೆಯ ಮಿತಿ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಸುತ್ತಳತೆಯನ್ನು ಎತ್ತರದಿಂದ ಭಾಗಿಸಿದರೆ 0.5ರೊಳಗೆ ಇರಬೇಕು. ಮೊದಲನೆಯವರಿಗೆ 0.57, ಎರಡನೆಯವರಿಗೆ 0.49! ತೀರ್ಪು ತಲೆಕೆಳಗಾಯಿತು.

ವಿವರಣೆ

ತಕ್ಕಡಿ ಸ್ನಾಯು, ಮೂಳೆ, ಕೊಬ್ಬು ಎಲ್ಲವನ್ನೂ ಒಟ್ಟಿಗೆ ತೂಗುತ್ತದೆ. ಕೊಬ್ಬು ಎಲ್ಲಿದೆ ಎಂದು ಹೇಳುವುದಿಲ್ಲ. ಕರುಳು, ಯಕೃತ್ತುಗಳ ಸುತ್ತ ಸೇರಿದ ಕೊಬ್ಬು ಕೊಬ್ಬಿನಾಮ್ಲಗಳನ್ನು ಯಕೃತ್ತಿಗೆ ಹರಿಸಿ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಮಾಡುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ 22.3, ದೇಹದ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2.

ವಿಸ್ತರಣೆ

ಅಳತೆಗಳನ್ನು ಕಾಪಿಡುವುದರ ಬೆಲೆ ತಿಳಿಸಲು ಮೈಸೂರಿನ ಉದಾಹರಣೆ ಕೊಟ್ಟೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡಗಿದ್ದು ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ ಮಧುಮೇಹ ಹೆಚ್ಚು ಕಂಡಿತು. ಇಲ್ಲಿಯೂ ಬರಿಯ ತೂಕವಲ್ಲ, ಮೈಯ ಆಕಾರ ಮಾತನಾಡಿತ್ತು.

ಎರಡು ಎಚ್ಚರಿಕೆಗಳನ್ನು ಕಪ್ಪುಹಲಗೆಯಲ್ಲಿ ಬರೆಸಿದೆ. ಒಂದು, ಟೇಪು ಮಧುಮೇಹವನ್ನು ಪತ್ತೆಮಾಡದು. ಅದಕ್ಕೆ ರಕ್ತಪರೀಕ್ಷೆಯೇ ಬೇಕು. ಎರಡು, ಮಧುಮೇಹಿಯ ತೂಕ ತಾನಾಗಿ ಇಳಿದರೆ ಖುಷಿಪಡಬಾರದು. ಇನ್ಸುಲಿನ್ ಸಾಲದಾದಾಗ ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ದೇಹ ತನ್ನ ಸ್ನಾಯು, ಕೊಬ್ಬುಗಳನ್ನೇ ಕರಗಿಸಿಕೊಳ್ಳುತ್ತದೆ. ಆಗ ಬಿಎಂಐ ‘ಸರಿಯಾದಂತೆ’ ಕಾಣುತ್ತದೆ, ಕಾಯಿಲೆ ಮಾತ್ರ ಹೆಚ್ಚಿರುತ್ತದೆ. ಅಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಮೌಲ್ಯಮಾಪನ

“ಪ್ಯಾಂಟಿನ ಸೈಜನ್ನೇ ಬರೆದುಕೊಂಡರೆ ಸಾಲದೇ?” ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಇಲ್ಲ ಮಿಸ್, ಪ್ಯಾಂಟನ್ನ ಹೊಟ್ಟೆ ಕೆಳಗೆ ಕಟ್ಟುತ್ತಾರೆ” ಎಂದ. ಸರಿಯಾದ ಜಾಗ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುಮಧ್ಯ. ಉಸಿರು ಸಹಜವಾಗಿ ಬಿಟ್ಟಾಗ, ಟೇಪು ಬಿಗಿಯದಂತೆ ಹಿಡಿದು ಅಳೆಯಬೇಕು.

ಈ ಪಾಠ ಮಾಡುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೆ: ಗೃಹಪಾಠವಾಗಿ ಮನೆಯವರ ಅಳತೆ ತರಲು ಹೇಳಬೇಡಿ. ಅಳೆಯುವ ವಿಧಾನವನ್ನು ಕಲಿಸಿ ಕಳಿಸಿ. ಅಜ್ಜನಿಗೆ ಹೇಳಬೇಕಾದ್ದನ್ನು ಮೊಮ್ಮಗಳು ತಾನೇ ಹೇಳುತ್ತಾಳೆ.