ತಾಯಿಯ ಬಾಯಿಂದ ಡೊಂಬಿವಲಿಯ ನೀರಿಗೆ

ಆಫ್ರಿಕನ್ ಸಿಕ್ಲಿಡ್ ಮರಿಗಳ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು ಅವಕ್ಕೆ ಏನು ತಿನ್ನಿಸಬೇಕು ಎಂದು. ಡೊಂಬಿವಲಿಯ ಫ್ಲ್ಯಾಟಿನಲ್ಲಿ ವರ್ಷಗಟ್ಟಲೆ ಯೆಲ್ಲೋ ಲ್ಯಾಬ್ ಎಂಬ ಸಿಕ್ಲಿಡ್ ಸಾಕಿದ ಮೇಲೆ ನನ್ನ ಉತ್ತರ ಇಷ್ಟೇ: ತಿನ್ನಿಸುವುದು ಸುಲಭ, ನೀರನ್ನು ನೋಡಿಕೊಳ್ಳುವುದೇ ನಿಜವಾದ ಕೆಲಸ.

ಮೊದಲ ಮೂರು ವಾರ ಹೇಗೂ ನಮ್ಮ ಕೈಯಲ್ಲಿಲ್ಲ. ಮಲಾವಿ ಸರೋವರದ ಈ ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡೇ ಮರಿ ಮಾಡುತ್ತದೆ. ಹೆಣ್ಣು ಒಂದೊಂದು ಮೊಟ್ಟೆ ಇಟ್ಟ ಕೂಡಲೇ ತಿರುಗಿ ಅದನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ಮೊಟ್ಟೆಗೆ ಫಲ ಕಟ್ಟುವುದೂ ಬಾಯಿಯೊಳಗೇ. ಆಮೇಲೆ ಅದರ ಗಲ್ಲದ ಕೆಳಗೆ ಸಣ್ಣ ಚೀಲದಂತೆ ಉಬ್ಬುತ್ತದೆ, ಆಹಾರ ಹಾಕಿದರೂ ಮುಂದೆ ಬರುವುದಿಲ್ಲ, ಆಗಾಗ ಬಾಯಾಡಿಸುತ್ತ ಕಲ್ಲಿನ ಮರೆಯಲ್ಲಿ ನಿಂತಿರುತ್ತದೆ. ಊರಿಂದ ಬಂದಿದ್ದ ಅಮ್ಮ ಅದನ್ನು ಬಹಳ ಹೊತ್ತು ನೋಡಿ, “ಮೂರು ವಾರ ಉಪವಾಸವಾ ಮಾರಾಯ?” ಎಂದರು. ಊರಿನ ಕೆರೆಯ ಜಿಲೇಬಿ ಮೀನೂ ಹೀಗೆಯೇ ಅಮ್ಮ, ಅದೂ ಆಫ್ರಿಕದಿಂದ ಬಂದ ಇದೇ ಕುಟುಂಬದ್ದು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ತಾಯಿಯ ಬಾಯಿ ಬಿಡಿಸಿ ಮರಿಗಳನ್ನು ಹೊರಗೆ ತೆಗೆಯುವ ಪದ್ಧತಿ ಇದೆ. ಅನುಭವಿಗಳು ಮಾಡುತ್ತಾರೆ, ನಾನು ಮಾಡುವುದಿಲ್ಲ. ಎರಡು ವಾರ ದಾಟಿದ ಮೇಲೆ ರಾತ್ರಿ ದೀಪ ಆರಿಸಿ, ಟಾರ್ಚ್ ಬೆಳಕಿನಲ್ಲಿ ತಾಯಿಯನ್ನೇ ಹಿಡಿದು ಬೇರೆ ಚಿಕ್ಕ ಟ್ಯಾಂಕಿಗೆ ಬಿಡುತ್ತೇನೆ. ಕತ್ತಲಲ್ಲಿ ಮೀನು ಮಂಕಾಗಿರುತ್ತದೆ, ಗಾಬರಿಬಿದ್ದು ಮರಿ ಉಗುಳುವುದು ಕಡಿಮೆ. ಅದು ತಾನಾಗಿ ಬಾಯಿ ಬಿಟ್ಟಾಗ ಹೊರಬರುವ ಮರಿಗಳು ಸುಮಾರು ಒಂದು ಸೆಂಟಿಮೀಟರ್ ಉದ್ದ, ರೆಕ್ಕೆ ಕಣ್ಣು ಎಲ್ಲ ಕೂಡಿಬಂದ ಪೂರ್ತಿ ಮೀನುಗಳು. ಮೊದಲ ಸಲ ಮೊಟ್ಟೆ ಹೊತ್ತ ಹೆಣ್ಣು ನಡುವೆಯೇ ನುಂಗಿಬಿಡುವುದುಂಟು. ಅದಕ್ಕೆ ಬೇಸರಪಡಬೇಕಾಗಿಲ್ಲ, ಮುಂದಿನ ಸಲ ಹಿಡಿದಿಟ್ಟುಕೊಳ್ಳುತ್ತದೆ. ಮರಿ ಬಿಟ್ಟ ತಾಯಿಯನ್ನು ಮಾತ್ರ ಅದೇ ದಿನ ದೊಡ್ಡ ಟ್ಯಾಂಕಿಗೆ ಹಾಕಬಾರದು. ಸೊರಗಿ ಹೋಗಿರುತ್ತದೆ, ಉಳಿದವು ಅಟ್ಟಿಸಿಕೊಂಡು ಹೊಡೆಯುತ್ತವೆ. ನಾಲ್ಕಾರು ದಿನ ಚೆನ್ನಾಗಿ ತಿನ್ನಿಸಿ ಆಮೇಲೆ ಬಿಡಬೇಕು.

ಇನ್ನು ನೀರು. ನಮಗೆ ಉಲ್ಲಾಸ್ ನದಿಯ ನೀರು, ಥಾಣೆಗೆ ಭಾತ್ಸಾ, ನವಿ ಮುಂಬಯಿಗೆ ಮೊರ್ಬೆ ಅಣೆಕಟ್ಟಿನದು. ಎಲ್ಲವೂ ಮಳೆಗಾಲದಲ್ಲಿ ತುಂಬುವ ಮೆದು ನೀರು. ಮಲಾವಿ ಸರೋವರದ್ದೋ ಕ್ಷಾರದ ನೀರು, ಪಿಎಚ್ 7.8ರಿಂದ 8.6ರವರೆಗೆ. ಈ ಅಂತರ ತುಂಬಲು ನಾನು ಅಂಗಡಿಯ ಪುಡಿ ಕೊಳ್ಳುವುದಿಲ್ಲ. ಊರಿನವರು ಮರುವಾಯಿ ಎನ್ನುವ, ಇಲ್ಲಿನ ಮಾರುಕಟ್ಟೆಯಲ್ಲಿ ತಿಸರ್ಯಾ ಎಂದು ಸಿಗುವ ಚಿಪ್ಪುಮೀನಿನ ಸುಕ್ಕ ಮಾಡಿದ ದಿನ ಚಿಪ್ಪುಗಳನ್ನು ತಿಕ್ಕಿ ತೊಳೆದು, ಕುದಿಸಿ, ಒಣಗಿಸಿ ಬಲೆಚೀಲದಲ್ಲಿ ಕಟ್ಟಿ ಟ್ಯಾಂಕಿಗೆ ಇಳಿಸುತ್ತೇನೆ. ಚಿಪ್ಪಿನ ಸುಣ್ಣದಂಶ ನಿಧಾನಕ್ಕೆ ಕರಗಿ ಪಿಎಚ್ ಅನ್ನು ಮೇಲೆತ್ತಿ ನಿಲ್ಲಿಸುತ್ತದೆ.

ಆದರೆ ಅಪಾಯ ಇರುವುದೂ ಅಲ್ಲೇ. ಮರಿಗಳ ಹೊಲಸು ಮತ್ತು ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಪಿಎಚ್ 7 ಇರುವ 28 ಡಿಗ್ರಿಯ ನೀರಿನಲ್ಲಿ ಅದರ ವಿಷದ ಪಾಲು ನೂರಕ್ಕೆ ಒಂದೂ ಇಲ್ಲ. ಅದೇ ನೀರು 8.2ಕ್ಕೆ ಏರಿದರೆ ನೂರಕ್ಕೆ ಹತ್ತರಷ್ಟಾಗುತ್ತದೆ. ಗಪ್ಪಿ ಮರಿಗಳು ಸಹಿಸಿಕೊಳ್ಳುವಷ್ಟು ಕೊಳಕು ಇಲ್ಲಿ ಒಂದು ರಾತ್ರಿಯಲ್ಲಿ ಇಡೀ ಸಂಸಾರವನ್ನೇ ತೆಗೆಯಬಹುದು. ಹಾಗಾಗಿ ಮರಿ ಟ್ಯಾಂಕಿಗೆ ಹೊಸ ಸ್ಪಂಜ್ ಫಿಲ್ಟರ್ ಹಾಕುವುದೇ ಇಲ್ಲ. ವಾರಗಟ್ಟಲೆ ದೊಡ್ಡ ಟ್ಯಾಂಕಿನಲ್ಲಿ ಓಡಿ, ಅಮೋನಿಯ ಕರಗಿಸುವ ಬ್ಯಾಕ್ಟೀರಿಯಾ ಹಿಡಿದುಕೊಂಡ ಹಳೆಯ ಸ್ಪಂಜೇ ಬೇಕು. ಅದನ್ನು ನಲ್ಲಿಯಡಿ ತೊಳೆದರೆ ಕ್ಲೋರಿನ್ ತಗಲಿ ಆ ಜೀವಿಗಳು ಸಾಯುತ್ತವೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ವಾರಕ್ಕೆರಡು ಸಲ ಸ್ವಲ್ಪ ಸ್ವಲ್ಪ ನೀರು ಬದಲಿಸಬೇಕು. ನೀರು ಬಂದ್ ಆಗುವ ಬೇಸಿಗೆಗೂ ರಾಡಿ ನೀರು ಬರುವ ಮೊದಲ ಮಳೆಗೂ ಬಾಲ್ಕನಿಯಲ್ಲಿ ಒಂದು ಡ್ರಮ್ ತುಂಬಿರಲೇಬೇಕು.

ಬೆಳಿಗ್ಗೆ ಲೋಕಲ್ ಹಿಡಿದು ಹೋಗಿ ರಾತ್ರಿ ಬರುವವರು ಮರಿಗಳಿಗೆ ಬೇಕಾದಂತೆ ದಿನಕ್ಕೆ ನಾಲ್ಕು ಸಲ ಆಹಾರ ಹಾಕುವುದು ಹೇಗೆ? ಇದಕ್ಕೆ ನಾನು ಕಂಡುಕೊಂಡ ದಾರಿ ಕಲ್ಲು. ಅಂಗೈಯಗಲದ ಕಲ್ಲುಗಳನ್ನು ಬಕೆಟ್ ನೀರಿನಲ್ಲಿ ಬಾಲ್ಕನಿಯ ಬಿಸಿಲಿಗೆ ಇಟ್ಟರೆ ಹಸಿರು ಪಾಚಿ ಹಿಡಿಯುತ್ತದೆ. ಮರಿಗಳ ಟ್ಯಾಂಕಿಗೆ ಅಂಥದ್ದೊಂದನ್ನು ಹಾಕಿ ಕೆಲಸಕ್ಕೆ ಹೋದರೆ ಅವು ದಿನವಿಡೀ ಅದನ್ನು ಕುಕ್ಕುತ್ತವೆ. ತಲೆ ಕೆಳಗೆ, ಬಾಲ ಮೇಲೆ ಮಾಡಿ ಕಲ್ಲಿಗೆ ಬಾಯಿ ಹಚ್ಚಿ ಎಳೆಯುತ್ತವೆ. ಬೋಳಾದ ಕಲ್ಲು ಬಕೆಟ್ಟಿಗೆ, ಬಕೆಟ್ಟಿನದು ಟ್ಯಾಂಕಿಗೆ. ಪುಡಿ ಮಾಡಿದ ಸ್ಪಿರುಲಿನಾ ಆಹಾರವನ್ನು ಬೆಳಿಗ್ಗೆ ಸಂಜೆ ಚಿಟಿಕೆಯಷ್ಟು ಕೊಟ್ಟರೆ ಸಾಕು, ನೀರೂ ಕೆಡುವುದಿಲ್ಲ.

ಕರೆಂಟ್ ಹೋದರೆ ಫಿಲ್ಟರೂ ನಿಲ್ಲುತ್ತದೆ, ಹಾಗಾಗಿ ಬ್ಯಾಟರಿಯಿಂದ ಓಡುವ ಏರ್ ಪಂಪ್ ಮನೆಯಲ್ಲಿರಲಿ. 2020ರ ಅಕ್ಟೋಬರ್ 12ರಂದು ಮುಂಬಯಿ, ಥಾಣೆ, ನವಿ ಮುಂಬಯಿಗಳಲ್ಲಿ ಒಟ್ಟಿಗೆ ಕರೆಂಟ್ ಹೋದಾಗ ಮರಿಗಳು ಉಳಿದದ್ದು ಅದರಿಂದಲೇ.

ಬೆಳೆದ ಮರಿಗಳನ್ನು ಏನು ಮಾಡುವುದು ಎನ್ನುವುದನ್ನು ಮೊದಲೇ ಯೋಚಿಸಿರಬೇಕು. ಯೆಲ್ಲೋ ಲ್ಯಾಬ್ ಮತ್ತು ಅದರ ಬಂಧು ರೆಡ್ ಜೀಬ್ರಾ ಒಂದೇ ಟ್ಯಾಂಕಿನಲ್ಲಿದ್ದರೆ ಬೆರಕೆ ಮರಿ ಹುಟ್ಟುತ್ತವೆ. ಅವನ್ನು ಶುದ್ಧ ತಳಿಯೆಂದು ಅಂಗಡಿಗೆ ಕೊಡುವುದು ಕೊಳ್ಳುವವರಿಗೆ ಮಾಡುವ ಮೋಸ. ಹೆಚ್ಚಾದ ಮೀನನ್ನು ಥಾಣೆಯ ಮಸುಂದಾ ತಲಾವಿಗೋ ಉಪವನ್ ಕೆರೆಗೋ ಸುರಿದು ಬರುವುದು ಅದಕ್ಕಿಂತ ದೊಡ್ಡ ತಪ್ಪು. 1952ರಲ್ಲಿ ದೇಶಕ್ಕೆ ತಂದ ಜಿಲೇಬಿ ಇಂದು ಎಷ್ಟು ಕೆರೆಗಳಲ್ಲಿ ಊರ ಮೀನುಗಳ ಜಾಗ ಹಿಡಿದಿದೆ, ನೋಡಿದವರಿಗೆ ಗೊತ್ತು. ಕೇಳುವವರಿಲ್ಲದ ತಿಂಗಳುಗಳಲ್ಲಿ ನಾನು ಬಾಯಿ ತುಂಬಿಕೊಂಡ ಹೆಣ್ಣನ್ನು ಬೇರೆ ಮಾಡುವುದೇ ಇಲ್ಲ. ದೊಡ್ಡ ಟ್ಯಾಂಕಿನಲ್ಲೇ ಬಿಡುತ್ತೇನೆ. ಕಲ್ಲಿನ ಸಂದಿಯಲ್ಲಿ ತಪ್ಪಿಸಿಕೊಂಡು ಉಳಿಯುವ ಎರಡು ಮೂರು ಮರಿಗಳಿಗೆ ನಮ್ಮ ಮನೆಯಲ್ಲಿ ಜಾಗ ಇದೆ.