ಡೂಮ್ ಬಿಚ್ಚಲು ಹೊರಟವನಿಗೆ

ತಮ್ಮಾ, ಹೆಡ್‌ಲೈಟಿನ ಡೂಮನ್ನು, ಅಂದರೆ ಲೆನ್ಸು ಸಮೇತ ದೀಪದ ಡಬ್ಬಿಯನ್ನು, ಮನೆಯಲ್ಲೇ ಬಿಚ್ಚಿ, ಒಳಗಿನ ಬೆಳ್ಳಿ ಪಟ್ಟಿಗೆ ಕಪ್ಪು ಬಣ್ಣ ಹೊಡೆದು, ಬಲ್ಬಿನ ಸುತ್ತ ಬಿಳಿ ಉಂಗುರ ಉರಿಸಬೇಕು ಅಂತ ಓಡಾಡುತ್ತಿದ್ದೀಯಂತೆ. ಬೇಡ ಎನ್ನುವುದಿಲ್ಲ. ಬೇಡ ಅಂದರೆ ಕದ್ದು ಮಾಡುತ್ತೀಯ. ಕದ್ದು ಮಾಡುವ ಕೆಲಸದಲ್ಲಿ ಆತುರ ಜಾಸ್ತಿ, ಆತುರದಲ್ಲಿ ಮೊದಲು ಮುರಿಯುವುದೇ ಡೂಮನ್ನು ಕಾರಿಗೆ ಹಿಡಿಸುವ ಕಿವಿ. ಅಂದಕ್ಕೆ ಏನು ಬೇಕಾದರೂ ಮಾಡಿಕೋ, ಬೆಳಕು ಬೀಳುವ ದಾರಿಯನ್ನು ಮಾತ್ರ ಕೆಡಿಸಬೇಡ. ಅಂದ ನಿನ್ನೊಬ್ಬನದು, ಬೆಳಕಿನಲ್ಲಿ ಎದುರಿನಿಂದ ಬರುವವನಿಗೂ ಪಾಲಿದೆ.

ಅದಕ್ಕೂ ಮೊದಲು, ಬಿಚ್ಚುವ ಅಗತ್ಯ ಇದೆಯಾ ನೋಡು. ಎಷ್ಟೋ ಹುಡುಗರು ಗ್ಲಾಸು ಹಳದಿಯಾಗಿದೆ ಅಂತ ಡೂಮಿಗೆ ಕೈ ಹಾಕುತ್ತಾರೆ. ಈಗಿನ ಕಾರುಗಳಲ್ಲಿ ಅದು ಗ್ಲಾಸೇ ಅಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಹೊರಮೈಗೆ ಬಿಸಿಲು ತಡೆಯುವ ತೆಳು ಲೇಪ ಇರುತ್ತದೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಆ ಲೇಪ ಹೋದಾಗ ಹಳದಿ ಬರುತ್ತದೆ. ತೊಂದರೆ ಹೊರಗಿರುವಾಗ ಒಳಗೇಕೆ ಕೈ? 800ರ ವಾಟರ್ ಪೇಪರಿನಿಂದ ಶುರುಮಾಡಿ 1000, 2000, 3000 ಅಂತ ನೀರು ಹಾಕುತ್ತಾ ಉಜ್ಜು, ಪಾಲಿಷ್ ಹಾಕು, ಮೇಲೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆ. ಆ ಕೊನೆಯದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ವಿಡಿಯೋ ನೋಡಿರುತ್ತೀಯ. ಅದೂ ಹೊಳಪು ಕೊಡುತ್ತದೆ, ಕಾರು ಮಾರುವವನಿಗೆ ಬೇಕಾಗುವಷ್ಟು ದಿನ.

ಬಿಚ್ಚಲೇಬೇಕು ಅಂದರೆ ಮೊದಲ ಕೆಲಸ ಸ್ಕ್ರೂಡ್ರೈವರಿನದಲ್ಲ, ಸೀಮೆಸುಣ್ಣದ್ದು. ಸಂಜೆ ಕಾರನ್ನು ಸಮತಟ್ಟು ಜಾಗದಲ್ಲಿ, ಗೋಡೆಗೆ ಎದುರಾಗಿ 10 ಮೀಟರ್ ದೂರದಲ್ಲಿ ನಿಲ್ಲಿಸು. ಲೋ ಬೀಮ್ ಹಾಕಿ, ಗೋಡೆಯ ಮೇಲೆ ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಯನ್ನು ಎರಡೂ ದೀಪಕ್ಕೆ ಗುರುತು ಹಾಕಿಕೋ. ಆ ಗೆರೆ ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಎಡಗಡೆಗೆ ಮಾತ್ರ ಸ್ವಲ್ಪ ಮೇಲೇರಿರುತ್ತದೆ. ನಾವು ಎಡಕ್ಕೆ ಹೋಗುವವರಲ್ಲವೇ, ರಸ್ತೆ ಬದಿಯಲ್ಲಿ ನಡೆಯುವವರೂ ಬೋರ್ಡುಗಳೂ ಕಾಣಲಿ ಅಂತ. ಇದಕ್ಕೇ ಹೇಳುವುದು, ಬಲಕ್ಕೆ ಓಡಿಸುವ ದೇಶಕ್ಕೆಂದು ಮಾಡಿದ ಡೂಮನ್ನು ಅಂದ ನೋಡಿ ತರಿಸಿಕೊಳ್ಳಬೇಡ. ಅದರ ಗೆರೆ ಬಲಕ್ಕೆ ಏರುತ್ತದೆ, ನೇರ ಎದುರಿನವನ ಕಣ್ಣಿಗೆ.

ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು, ಬಂಪರ್ ಬಿಚ್ಚಿ, ಡೂಮ್ ಹೊರಗೆ ತೆಗೆ. ಬಲ್ಬು, ರಬ್ಬರ್ ಟೋಪಿ, ದೀಪ ಎತ್ತಿ ಇಳಿಸುವ ಮೋಟರ್ ಎಲ್ಲ ಕಳಚು. ಲೆನ್ಸು ಡಬ್ಬಿಗೆ ಕೂತಿರುವ ಸಂದಿನಲ್ಲಿ ಯಾವ ಅಂಟು ಇದೆ ಅಂತ ಚೂಪಾದ ತುದಿಯಿಂದ ಒತ್ತಿ ನೋಡು. ಮೆತ್ತಗೆ ಒಳಹೋದರೆ ಬ್ಯೂಟೈಲ್, ಬಿಸಿಗೆ ಬಿಡುತ್ತದೆ. ಕಲ್ಲಿನ ಹಾಗಿದ್ದರೆ ಅಲ್ಲಿಗೇ ನಿಲ್ಲಿಸು. ಅದನ್ನು ಕಿತ್ತರೆ ಅಂಟಿಗಿಂತ ಮೊದಲು ಲೆನ್ಸು ಒಡೆಯುತ್ತದೆ. ವಾರಂಟಿ ಇರುವ ಕಾರು, ಒಳಗೆಲ್ಲ ಎಲ್‌ಇಡಿ ಕೂತಿರುವ ಡೂಮು, ಇವೆರಡನ್ನೂ ಮುಟ್ಟಬೇಡ.

ವಿಡಿಯೋಗಳಲ್ಲಿ ಡೂಮನ್ನು ಓವನ್ನಿಗೆ ಇಡುತ್ತಾರೆ. ನಿಮ್ಮಮ್ಮ ಕೇಕ್ ಮಾಡುವ ಓವನ್ನಿಗೆ ಈಗಿನ ಉದ್ದನೆಯ ಡೂಮ್ ಹಿಡಿಸುವುದೇ ಇಲ್ಲ. ಹಿಡಿಸಿದರೂ ಅದರ ಗುಂಡಿ 100 ಡಿಗ್ರಿ ಅಂದಾಗ ಒಳಗೆ ಎಷ್ಟಿದೆಯೋ ನಂಬುವ ಹಾಗಿಲ್ಲ, ಕಾಯುವ ಸರಳಿಗೆ ತಾಗಿದ ಪ್ಲಾಸ್ಟಿಕ್ ವಾಸನೆ ಆಮೇಲೆ ಕೇಕಿಗೆ. ಹೀಟ್ ಗನ್ ತೆಗೆದುಕೋ. ಒಂದೇ ಕಡೆ ಹಿಡಿಯದೆ ಅಂಚಿನ ಸುತ್ತ ಆಡಿಸುತ್ತಲೇ ಇರು. ಹಿಂದಿನ ಸ್ಕ್ರೂ, ಕ್ಲಿಪ್ಪು ಎಲ್ಲ ಬಿಟ್ಟಿದ್ದೀಯಾ ಅಂತ ಇನ್ನೊಮ್ಮೆ ನೋಡಿ, ಒಂದು ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನಿಧಾನ ಎಬ್ಬಿಸು. ಕಪ್ಪು ಅಂಟು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಆ ಎಳೆ ಹೋಗಿ ರಿಫ್ಲೆಕ್ಟರಿಗೆ ತಾಗದಂತೆ ನೋಡಿಕೋ.

ಇಲ್ಲಿ ಸ್ವಲ್ಪ ನಿಲ್ಲು. ಆ ಕನ್ನಡಿಯಂಥ ರಿಫ್ಲೆಕ್ಟರ್ ಇದೆಯಲ್ಲ, ಅದು ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ಅಲ್ಯೂಮಿನಿಯಮ್ಮಿನ ಬಲು ತೆಳು ಪದರ. ಬೆರಳಿಟ್ಟರೆ ಗುರುತು ಉಳಿಯುತ್ತದೆ, ಗುರುತು ಒರೆಸಲು ಹೋದರೆ ಪದರವೇ ಬಟ್ಟೆಗೆ ಬರುತ್ತದೆ. ಧೂಳಿದ್ದರೆ ಗಾಳಿ ಊದು, ಅಷ್ಟೇ. ಬಣ್ಣ ಹೊಡೆಯುವುದಾದರೆ ಸುತ್ತಲಿನ ಅಲಂಕಾರದ ಪಟ್ಟಿಯನ್ನು ಬೇರೆ ಮಾಡಿ ಅದಕ್ಕೆ ಮಾತ್ರ ಹೊಡೆ. ಸೋಪಿನಲ್ಲಿ ತೊಳೆದು, ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹಾಕಿ, ಬಿಸಿ ತಡೆಯುವ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ. ಪೂರ್ತಿ ಒಣಗದೆ ಮುಚ್ಚಿದರೆ ದೀಪದ ಕಾವಿಗೆ ಬಣ್ಣದ ಆವಿ ಎದ್ದು ಲೆನ್ಸಿನ ಒಳಗೆ ಮಬ್ಬು ಕೂರುತ್ತದೆ. ಮತ್ತೆ ಬಿಚ್ಚುವ ಯೋಗ.

ಮುಚ್ಚುವಾಗ ಹಳೇ ಅಂಟು ಪೂರ್ತಿ ತೆಗೆದು ಹೊಸ ಬ್ಯೂಟೈಲ್ ಹಗ್ಗ ಕೂರಿಸು. ಹಾರ್ಡ್‌ವೇರ್ ಅಂಗಡಿಯ ಹುಳಿ ವಾಸನೆಯ ಸಿಲಿಕಾನ್ ಮಾತ್ರ ಬೇಡ. ಆ ಹುಳಿ ಅಸಿಟಿಕ್ ಆಮ್ಲದ್ದು, ಒಳಗಿನ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಹಿಂಭಾಗದ ಗಾಳಿತೂತನ್ನು ಮುಚ್ಚಬೇಡ. ಮಳೆಗಾಲದಲ್ಲಿ ತೆಳು ಮಂಜು ಕೂತು ದೀಪ ಹಾಕಿದ ಮೇಲೆ ಹೋದರೆ ಚಿಂತೆಯಿಲ್ಲ. ತಳದಲ್ಲಿ ನೀರು ನಿಂತರೆ ಅಂಟು ಎಲ್ಲೋ ಬಾಯಿ ಬಿಟ್ಟಿದೆ.

ಇನ್ನು ಬಲ್ಬು. ಡೂಮ್ ಬಿಚ್ಚಿದವನ ಕೈ ಅಲ್ಲಿಗೆ ಹೋಗದೆ ಇರುವುದಿಲ್ಲ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೆ ಕಣ್ಣು ಕುಕ್ಕುವ ಬಲ್ಬಿಗೆ ಬರವಿಲ್ಲ. ನಿನ್ನ ಕಾರಿನ ಎಚ್4 ಹ್ಯಾಲೊಜೆನ್ 60/55 ವ್ಯಾಟಿನದು. 12 ವೋಲ್ಟಿಗೆ ಸುಮಾರು 5 ಆಂಪಿಯರ್ ಎಳೆಯುತ್ತದೆ. 100 ವ್ಯಾಟ್ ಹಾಕಿದರೆ 8 ದಾಟುತ್ತದೆ, ಹೋಲ್ಡರ್ ಸುಟ್ಟು ಕಂದಾಗುತ್ತದೆ. ರಿಲೇ ಹಾಕಿಸಿದ್ದೇನೆ ಅನ್ನುತ್ತೀಯ. ರಿಲೇ ನಿನ್ನ ವೈರನ್ನು ಉಳಿಸೀತು, ಎದುರಿನವನ ಕಣ್ಣನ್ನಲ್ಲ. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡು: ಎರಡು ತಂತಿ, ಅದರಲ್ಲಿ ಮುಂದಿನದಕ್ಕೆ ಕೆಳಗೊಂದು ಪುಟ್ಟ ಲೋಹದ ಬಟ್ಟಲು. ಗೋಡೆಯ ಮೇಲೆ ನೀನು ಗುರುತಿಸಿದ ಗೆರೆ ಹುಟ್ಟುವುದು ಆ ಬಟ್ಟಲಿನಿಂದ. ರಿಫ್ಲೆಕ್ಟರಿನ ಪ್ರತಿ ಬಾಗನ್ನೂ ಆ ತಂತಿಯ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅಲ್ಲಿ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬೇರೆಯಾಗಿ, ಗೆರೆ ಅಳಿಸಿ, ಎಲ್ಲ ಕಡೆ ಚೆಲ್ಲುತ್ತದೆ. ಕಾರಿನ ಮುಂದೆಯೇ ಬೆಳ್ಳಗೆ ಕಾಣುವುದರಿಂದ ನಿನಗೆ ಖುಷಿ, ದೂರದ ರಸ್ತೆ ಮೊದಲಿಗಿಂತ ಕಡಿಮೆ. ಚಾರ್ಮಾಡಿ ಘಾಟಿಯಲ್ಲೋ ಶಿರಾಡಿ ಘಾಟಿಯಲ್ಲೋ ಮಂಜು ಮುಸುಕಿದ ರಾತ್ರಿ ಆ ಬಿಳಿ ಬೆಳಕು ವಾಪಸ್ ನಿನ್ನ ಮುಖಕ್ಕೇ ಹೊಡೆಯುತ್ತದೆ, ತಿರುವಿನಲ್ಲಿ ಬರುವ ಬಸ್ಸಿನ ಡ್ರೈವರನಿಗೂ ಹೊಡೆಯುತ್ತದೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ತಯಾರಕರು ಕೊಟ್ಟ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪದವರ ಮೇಲೆ ಕೇಸು ಹಾಕುವುದನ್ನು ಬಿಗಿ ಮಾಡಿದರು. ದಂಡಕ್ಕೆ ಹೆದರಿ ಬಿಡು ಅಂತ ಹೇಳುತ್ತಿಲ್ಲ. ಅಪಘಾತವಾದ ದಿನ ಈ ಬಲ್ಬಿನ ವಿಷಯ ಎಲ್ಲರಿಗೂ ನೆನಪಾಗುತ್ತದೆ.

ನಿನ್ನ ಕಾರಿಗೆ ಕೈ ಹಾಕುವ ಮುಂಚೆ ಗುಜರಿಯಿಂದ ಹಳೇ ಡೂಮೊಂದನ್ನು ತಂದು ಬಿಚ್ಚಿ ಮುಚ್ಚಿ ಕಲಿ. ಎಲ್ಲ ಕೂರಿಸಿದ ಮೇಲೆ ಕಾರನ್ನು ಅದೇ ಗೋಡೆಗೆ ತಂದು, ಡೂಮಿನ ಹಿಂದಿನ ಎರಡು ತಿರುಪುಗಳಿಂದ ಬೆಳಕನ್ನು ಹಳೇ ಗುರುತಿಗೆ ಕೂರಿಸು. ಕೊನೆಗೆ ಸ್ನೇಹಿತನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಲೋ ಬೀಮ್ ಹಾಕಿಸಿ, ನೀನು ಎದುರು ರಸ್ತೆಯಲ್ಲಿ ಬೈಕಿನ ಮೇಲೆ ಕೂತು ನೋಡು. ನಿನ್ನ ಕೈ ತಾನಾಗಿ ಕಣ್ಣಿಗೆ ಅಡ್ಡ ಬಂದರೆ ಕೆಲಸ ಇನ್ನೂ ಮುಗಿದಿಲ್ಲ, ಆ ಕಾರನ್ನು ರಾತ್ರಿ ಹೊರಗೆ ತೆಗೆಯಬೇಡ.