ಕಣದ ಕೆಲಸಗಾರರಿಗೆ ಬಟ್ಟೆಯ ಮುಖಗವಸು ಹೊಲಿದು ಕೊಡಿ

ರಾಗಿ, ಜೋಳ, ತೊಗರಿ ಮುಂತಾದ ಬೆಳೆಗಳನ್ನು ಒಕ್ಕುವಾಗ ಮತ್ತು ತೂರುವಾಗ ಏಳುವ ಧೂಳಿನಲ್ಲಿ ಮಣ್ಣು, ಹೊಟ್ಟಿನ ಚೂರು ಹಾಗೂ ಬೂಷ್ಟಿನ ಕಣಗಳು ಬೆರೆತಿರುತ್ತವೆ. ಇದರಿಂದ ಕೆಮ್ಮು, ಉಬ್ಬಸ ಉಂಟಾಗಬಹುದು. 2020ರಲ್ಲಿ ಕೋವಿಡ್ ಪಿಡುಗು ಹರಡಿದಾಗ ಸ್ವಸಹಾಯ ಸಂಘಗಳ ಮಹಿಳೆಯರು ಬಟ್ಟೆಯ ಮುಖಗವಸುಗಳನ್ನು ಹೊಲಿದು ಹಂಚಿದ್ದು ನಿಮಗೆ ತಿಳಿದೇ ಇದೆ. ಅದೇ ಕೆಲಸವನ್ನು ಸುಗ್ಗಿಗೆ ಮುಂಚೆ ನಿಮ್ಮ ಕಣಕ್ಕೆ ಬರುವ ಕೂಲಿಗಾರರಿಗಾಗಿಯೂ ಮಾಡಬಹುದು.

ಬಟ್ಟೆಯ ಆಯ್ಕೆ: ಒತ್ತಾದ ನೇಯ್ಗೆಯ ಹತ್ತಿ ಬಟ್ಟೆ ಉತ್ತಮ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆಯದು ಸ್ಪಷ್ಟವಾಗಿ ಕಂಡರೆ ಅದು ಬೇಡ. ಔಷಧಿ ಸವರಿದ ಬಿತ್ತನೆ ಬೀಜದ ಚೀಲ, ಸಿಂಪರಣಾ ಯಂತ್ರ ಒರೆಸಿದ ಬಟ್ಟೆಗಳನ್ನು ಎಂದಿಗೂ ಬಳಸಬಾರದು. ಹೊಸ ಬಟ್ಟೆಯನ್ನು ಮೊದಲೇ ಬಿಸಿನೀರಿನಲ್ಲಿ ಒಗೆದು ಒಣಗಿಸಿದರೆ ಮುಂದೆ ಅಳತೆ ಕುಗ್ಗುವುದಿಲ್ಲ.

ಹೊಲಿಯುವ ಕ್ರಮ: ಒಂದು ಗವಸಿಗೆ 10 ಅಂಗುಲ ಉದ್ದ, 6 ಅಂಗುಲ ಅಗಲದ ಮೂರು ತುಂಡುಗಳು ಬೇಕು. ಒಳಪದರಕ್ಕೆ ಬೇರೆ ಬಣ್ಣದ ಬಟ್ಟೆ ಹಾಕಿದರೆ ತೊಡುವವರಿಗೆ ಒಳಬದಿ ಯಾವುದೆಂದು ಗೊಂದಲವಾಗದು. ಮೂರನ್ನೂ ಒಂದರ ಮೇಲೊಂದಿಟ್ಟು ಉದ್ದದ ಅಂಚುಗಳನ್ನು ಕಾಲು ಅಂಗುಲ ಮಡಚಿ ಹೊಲಿಯಿರಿ. ಪಕ್ಕದ ಅಂಚುಗಳನ್ನು ಮುಕ್ಕಾಲು ಅಂಗುಲ ಮಡಚಿ, ಲಾಡಿ ತೂರುವಷ್ಟು ಜಾಗ ಬಿಟ್ಟು ಹೊಲಿಯಿರಿ. ಎರಡೂ ಪಕ್ಕಕ್ಕೆ 30 ಅಂಗುಲದ ಲಾಡಿ ಪೋಣಿಸಿ ನೆರಿಗೆ ಬರುವಂತೆ ಎಳೆಯಿರಿ. ಲಾಡಿಯ ಮೇಲಿನ ತುದಿಗಳನ್ನು ತಲೆಯ ಹಿಂದೆ, ಕೆಳಗಿನವನ್ನು ಕುತ್ತಿಗೆಯ ಹಿಂದೆ ಕಟ್ಟಬೇಕು. ಮೂಗು, ಬಾಯಿ, ಗದ್ದ ಮುಚ್ಚಿ ಕೆನ್ನೆಯ ಬಳಿ ಸಂದು ಉಳಿಯಬಾರದು.

ಎಷ್ಟು ಬೇಕು? ಒಬ್ಬರಿಗೆ ಎರಡು ಕೊಡಿ. ಒಂದು ಒಗೆತದಲ್ಲಿದ್ದಾಗ ಇನ್ನೊಂದು ಮುಖದ ಮೇಲಿರುತ್ತದೆ. ಹತ್ತು ಜನರಿಗೆ 20 ಗವಸುಗಳಾದರೆ, 36 ಅಂಗುಲ ಅಗಲದ ಬಟ್ಟೆ ಸುಮಾರು 3.25 ಮೀಟರ್ ಸಾಕು. ಲಾಡಿಯ ಲೆಕ್ಕ ಬೇರೆ.

ಕೊಡುವಾಗ ಹೇಳಬೇಕಾದ ಮಾತು: ಒಬ್ಬರದನ್ನು ಇನ್ನೊಬ್ಬರು ತೊಡಬಾರದು. ಬೆವರಿನಿಂದ ಒದ್ದೆಯಾದರೆ ಬದಲಿಸಬೇಕು. ಪ್ರತಿದಿನ ಸಾಬೂನು ಹಾಕಿ ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಕಟ್ಟಬಾರದು.

ಎಚ್ಚರಿಕೆ: ಬಟ್ಟೆಯ ಗವಸು ದಪ್ಪ ಧೂಳನ್ನು ಬಹುಮಟ್ಟಿಗೆ ತಡೆಯುತ್ತದೆ, ಅತಿ ಸೂಕ್ಷ್ಮ ಕಣಗಳನ್ನು ಪೂರ್ತಿ ತಡೆಯದು. ಬೂಷ್ಟು ಹಿಡಿದ ಹುಲ್ಲು ಕೆದಕುವವರಿಗೆ ಎನ್-95 ಗವಸು ಬೇಕು. ಉಬ್ಬಸವಿರುವವರನ್ನು ಆ ಕೆಲಸಕ್ಕೆ ಹಚ್ಚದಿರುವುದೇ ಲೇಸು. ಕೀಟನಾಶಕ ಸಿಂಪರಣೆಗಂತೂ ಬಟ್ಟೆಯ ಗವಸು ಸಲ್ಲದು. ಅದು ವಿಷದ ಆವಿಯನ್ನು ತಡೆಯುವುದಿಲ್ಲ. ಸಿಂಪರಣೆಯ ಹನಿಗಳನ್ನು ಹೀರಿಕೊಂಡು ವಿಷವನ್ನು ಮೂಗು-ಬಾಯಿಗೆ ತಾಗಿಸಿಯೇ ಇಡುತ್ತದೆ. ಡಬ್ಬಿಯ ಚೀಟಿಯಲ್ಲಿ ಸೂಚಿಸಿದ ರಕ್ಷಣಾ ಸಾಧನವನ್ನೇ ಒದಗಿಸಬೇಕು.

ನೀವು ಕೊಟ್ಟ ಗವಸನ್ನು ನಂಬಿ ಯಾರೂ ಔಷಧಿ ಹೊಡೆಯಲು ಹೋಗದಿರಲಿ. ಆದ್ದರಿಂದ ಗವಸಿನೊಂದಿಗೆ ಈ ಮಾತನ್ನೂ ತಪ್ಪದೆ ತಿಳಿಸಿರಿ.